ನಮ್ಮ ಮನೆಯ ಪರದೇಶಿ

ಪರದೇಶಿ ಎಂಬ ಶಬ್ದಕ್ಕೆ ನಿಘಂಟಿನಲ್ಲಿ ಅನ್ಯದೇಶದವನು ಎಂದು ಅರ್ಥ. ನಮ್ಮ ಕೊಪ್ಪಳದ ಓಣಿಗಳಲ್ಲಿ ಅದರ ಅರ್ಥ ಬೇರೆ. ಹಿಂದೆ ಮುಂದೆ ಯಾರೂ ಇಲ್ಲದವನು, ತಾಯಿ ತಂದೆಯನ್ನು ಕಳೆದುಕೊಂಡವನು, ಕರೆದು ಒಂದು ತುತ್ತು ಹಾಕುವವರಿಲ್ಲದವನು, ಅಂಥವನು ಪರದೇಶಿ. ಈ ಎರಡು ಅರ್ಥಗಳ ನಡುವಿನ ಅಂತರದಿಂದಾಗಿ ಅಮೆರಿಕೆಯ ತರುಣನೊಬ್ಬ ನಮ್ಮ ಓಣಿಯಲ್ಲಿ ಕಾಲಿಟ್ಟ ದಿನವೇ ಮೂರು ಮನೆಗಳಲ್ಲಿ ಊಟ ಮಾಡಬೇಕಾಯಿತು. ಇಂದಿನ ಭಾಷಣದಲ್ಲಿ ನಾನು ಹೇಳಹೊರಟಿರುವುದು ಅವನ ಸಂಗತಿಯನ್ನು.

1994ನೆಯ ಇಸವಿಯ ಜೂನ್ ತಿಂಗಳ ಮೊದಲ ವಾರ. ಆಗ ಕೊಪ್ಪಳ ಇನ್ನೂ ಜಿಲ್ಲೆಯಾಗಿರಲಿಲ್ಲ. ರಾಯಚೂರು ಜಿಲ್ಲೆಯ ಒಂದು ತಾಲೂಕು. ನಾನು ಅಲ್ಲಿ ಕನ್ನಡದ ಅಧ್ಯಾಪಕ. ಮದುವೆಯಾಗಿ ಆರು ವರ್ಷ. ಮನೆಯಲ್ಲಿ ಹೆಂಡತಿ, ಒಬ್ಬ ಮಗ, ಎಪ್ಪತ್ತರ ಸಮೀಪದ ತಾಯಿ. ಒಂದು ಮಧ್ಯಾಹ್ನ ಕೆಂಪು ಬಸ್ಸಿನಿಂದ ಇಳಿದು, ಬೆನ್ನಿಗೆ ಒಂದು ದೊಡ್ಡ ಚೀಲವನ್ನು ಕಟ್ಟಿಕೊಂಡು, ಆರಡಿಗೂ ಎತ್ತರದ ಹುಡುಗ ನಮ್ಮ ಬಾಗಿಲ ಮುಂದೆ ನಿಂತ. ಅವನು ಬರುವ ವಿಷಯ ನನಗೆ ಪತ್ರದಿಂದ ತಿಳಿದಿತ್ತು. ಓಣಿಗೆ ತಿಳಿದಿರಲಿಲ್ಲ. ಅವನ ಹೆಸರು ಇಲ್ಲಿ ಬೇಡ. ಅವನೂ ಈಗ ಎಲ್ಲೋ ಪಾಠ ಹೇಳುತ್ತಿದ್ದಾನೆ. ಅವನ ವಿದ್ಯಾರ್ಥಿಗಳಿಗೆ ಈ ಕತೆ ಗೊತ್ತಾಗುವುದು ಅವನಿಗೆ ಇಷ್ಟವಾಗಲಿಕ್ಕಿಲ್ಲ.

ಎದುರು ಮನೆಯ ಅಜ್ಜಿ ಕಟ್ಟೆಯ ಮೇಲೆ ಕುಳಿತಿದ್ದಳು. "ಯಾರಪಾ ನೀನು?" ಎಂದಳು. ಹುಡುಗ ಎರಡು ವರ್ಷ ತನ್ನ ವಿಶ್ವವಿದ್ಯಾಲಯದಲ್ಲಿ ಕನ್ನಡ ಕಲಿತವನು. ಕೈಮುಗಿದು, ಒಂದೊಂದು ಅಕ್ಷರವನ್ನೂ ಬಿಡಿಸಿ, "ನಮಸ್ಕಾರ. ನಾನು ಪರದೇಶಿ" ಎಂದ. ಅಜ್ಜಿಯ ಮುಖ ಬಾಡಿಹೋಯಿತು. "ಅಯ್ಯ ನನ್ನ ಕಂದಾ" ಎಂದು ಎದ್ದು ಒಳಗೆ ಹೋಗಿ ರೊಟ್ಟಿ ಪಲ್ಯ ತಂದಳು. ನಾನು ಕಾಲೇಜಿನಿಂದ ಬರುವ ಹೊತ್ತಿಗೆ ಓಣಿಯ ಹೆಂಗಸರೆಲ್ಲ ನೆರೆದು, ಇಷ್ಟು ಎತ್ತರ ಬೆಳೆದ ಮಗನನ್ನು ಬಿಟ್ಟು ಹೋದ ತಾಯಿಯ ವಿಷಯದಲ್ಲಿ ಮರುಗುತ್ತಿದ್ದರು. ಆ ತಾಯಿ ಅಮೆರಿಕೆಯಲ್ಲಿ ಆರೋಗ್ಯದಿಂದಿದ್ದಾಳೆ, ಶಾಲೆಯಲ್ಲಿ ಮಾಸ್ತರಿಕೆ ಮಾಡುತ್ತಿದ್ದಾಳೆ ಎಂದು ನಾನು ಎಷ್ಟು ಹೇಳಿದರೂ ಅಜ್ಜಿ ನಂಬಲಿಲ್ಲ. "ತಾನ ಹೇಳಿದನಲ್ಲೋ ಪರದೇಶಿ ಅಂತ" ಎಂದಳು. ಕಡೆಯವರೆಗೂ ಅವಳಿಗೆ ಅವನು ಪರದೇಶಿಯೇ.

ಎರಡನೆಯ ತೊಡಕು ಋತುವಿನದು. ಹುಡುಗ ನನ್ನ ತಾಯಿಗೆ ತಾನು ಬಂದ ಉದ್ದೇಶವನ್ನು ವಿವರಿಸುತ್ತಾ, "ಈ ಬೇಸಿಗೆಯನ್ನು ಇಲ್ಲಿ ಕಳೆಯಲು ಬಂದಿದ್ದೇನೆ" ಎಂದ. ಅವರ ದೇಶದಲ್ಲಿ ಜೂನ್, ಜುಲೈ, ಆಗಸ್ಟ್ ಬೇಸಿಗೆ. ವಿಶ್ವವಿದ್ಯಾಲಯಗಳಿಗೆ ಆಗ ರಜೆ. ನಮ್ಮಲ್ಲಿ ಅಷ್ಟರಲ್ಲಿ ರೋಹಿಣಿ ಮುಗಿದು ಮೃಗಶಿರಾ ಹಿಡಿಯುವ ಕಾಲ. ಅವ್ವ ನನ್ನ ಕಡೆ ತಿರುಗಿ, "ಬ್ಯಾಸಗಿ ಮುಗುದು ಮಳಿ ಹಿಡದೈತಿ, ಇವ ಯಾವ ಬ್ಯಾಸಗಿಗೆ ಬಂದಾನ?" ಎಂದಳು. ತಡವಾಗಿ ಬಂದವನೆಂದು ಅವನ ಮೇಲೆ ಅವಳಿಗೆ ಕನಿಕರ ಹುಟ್ಟಿತು. ಆದರೆ ಎಡೆದೊರೆ ನಾಡಿನ ಈ ಭಾಗದಲ್ಲಿ ಮಳೆಯ ಹೆಸರು ಬೇರೆ, ಮಳೆ ಬೇರೆ. ಮೃಗಶಿರಾ ಗಾಳಿಯಲ್ಲಿ ಹೋಯಿತು, ಆರಿದ್ರಾ ನಾಲ್ಕು ಹನಿ ಉದುರಿಸಿತು. ಬೆಟ್ಟದ ಬಂಡೆಗಳು ಹಗಲೆಲ್ಲ ಕಾದು ರಾತ್ರಿಯೆಲ್ಲ ಬಿಸಿಯುಸಿರು ಬಿಟ್ಟವು. ಹತ್ತು ದಿನಗಳ ಮೇಲೆ ಹುಡುಗ ಮಹಡಿಯ ಕೋಣೆಯಿಂದ ಹಾಸಿಗೆಯನ್ನು ಮಾಳಿಗೆಗೆ ಎತ್ತಿಕೊಂಡು ಹೋಗುತ್ತಾ, "ಅವ್ವಾ, ನನ್ನ ಬೇಸಿಗೆ ಸಿಕ್ಕಿತು" ಎಂದ.

ಇವನು ಕೊಪ್ಪಳಕ್ಕೇ ಏಕೆ ಬಂದನೆಂಬುದಕ್ಕೆ ಕಾರಣವಿದೆ. ತುಂಗಭದ್ರೆಯ ಆಚೆ, ಹಂಪಿಯಲ್ಲಿ, 1980ರಿಂದ ಜಾನ್ ಫ್ರಿಟ್ಜ್ ಮತ್ತು ಜಾರ್ಜ್ ಮಿಷೆಲ್ ಎಂಬ ವಿದ್ವಾಂಸರು ವಿಜಯನಗರದ ಅವಶೇಷಗಳನ್ನು ಅಳೆದು ಬರೆದಿಡುವ ಕೆಲಸವನ್ನು ನಡೆಸುತ್ತಿದ್ದರು. ಅವರ ಬಿಡಾರಕ್ಕೆ ದೇಶದೇಶಗಳ ವಿದ್ಯಾರ್ಥಿಗಳು ಬಂದು ಟೇಪು ಹಿಡಿದು ದುಡಿಯುತ್ತಿದ್ದರು. 1987ರ ಮೇಲೆ ಕಾರ್ಲಾ ಸಿನೊಪೊಲಿ ಮತ್ತು ಕ್ಯಾಥ್ಲೀನ್ ಮಾರಿಸನ್ ಎಂಬ ಅಮೆರಿಕೆಯ ಇಬ್ಬರು ಮಹಿಳೆಯರು ಆ ಮಹಾನಗರದ ಸುತ್ತಣ ಕೆರೆ, ಕಾಲುವೆ, ಹೊಲಗಳ ಸಮೀಕ್ಷೆಗೆ ತೊಡಗಿದರು. ಮುಂದೆ ಅವರೇ ನಮ್ಮ ಗಂಗಾವತಿ ತಾಲೂಕಿನ ಕಡೇಬಾಕಲೆಯಲ್ಲಿ ಉತ್ಖನನಕ್ಕೂ ಬಂದರು. ಅವರೆಲ್ಲ ಚಳಿಗಾಲದ ಹಕ್ಕಿಗಳು. ಬಿಸಿಲೇರುವ ಮುನ್ನ ಹಾರಿಹೋಗುವವರು. ಆ ಬಳಗದ ಪರಿಚಯವಿದ್ದ ಯಾರೋ ಒಬ್ಬರು ಇವನಿಗೆ, ಕನ್ನಡ ಕಲಿಯಬೇಕಾದರೆ ಇಂಗ್ಲಿಷು ನಡೆಯದ ಕಡೆ ಹೋಗು, ಹೊಳೆ ದಾಟಿ ಉತ್ತರಕ್ಕೆ ಹೋಗು ಎಂದಿದ್ದರಂತೆ. ಇವನಿಗೆ ಕಲ್ಲಿಗಿಂತ ಮಾತಿನಲ್ಲಿ ಆಸಕ್ತಿ. ಎ. ಕೆ. ರಾಮಾನುಜನ್ನರು 1973ರಲ್ಲಿ ಪ್ರಕಟಿಸಿದ ವಚನಗಳ ಇಂಗ್ಲಿಷ್ ಅನುವಾದವನ್ನು ಓದಿ, ಇವುಗಳನ್ನು ಮೂಲದಲ್ಲಿ ಕೇಳಬೇಕು ಎಂದು ಹೊರಟವನು. ಓದಬೇಕು ಎನ್ನಲಿಲ್ಲ, ಕೇಳಬೇಕು ಎಂದ. ಆ ಶಬ್ದವನ್ನು ನಾನು ಆಗ ಗಮನಿಸಲಿಲ್ಲ.

ನನಗೆ ಒಪ್ಪಿಸಿದ್ದ ಕೆಲಸ ಅವನಿಗೆ ಶುದ್ಧ ಕನ್ನಡವನ್ನು ಕಲಿಸುವುದು. ಬೆಳಿಗ್ಗೆ ಏಳರಿಂದ ಒಂಬತ್ತರವರೆಗೆ ಪಾಠ. ಮೊದಲ ದಿನ ನಾನು ಸೌಜನ್ಯಕ್ಕಾಗಿ ಇಂಗ್ಲಿಷಿನಲ್ಲಿ ಒಂದು ಪೀಠಿಕೆಯನ್ನು ಹಾಕಿದೆ. ನನ್ನ ಇಂಗ್ಲಿಷಿನ ಬಗ್ಗೆ ನನಗೆ ಆಗ ಕೊಂಚ ಅಭಿಮಾನವಿತ್ತು. ಹುಡುಗ ಕಾಲು ಗಂಟೆ ಬಹಳ ಗೌರವದಿಂದ ಕೇಳಿ, ಆಮೇಲೆ ಮೆಲ್ಲಗೆ, "ಸರ್, ಕ್ಷಮಿಸಿ, ನನಗೆ ತಿಳಿಯಲಿಲ್ಲ. ಕನ್ನಡದಲ್ಲಿ ಹೇಳುತ್ತೀರಾ?" ಎಂದ. ಬಾಗಿಲ ಸಂದಿಯಲ್ಲಿ ನನ್ನ ಹೆಂಡತಿ ನಕ್ಕದ್ದು ಕೇಳಿಸಿತು. ಅಂದಿನಿಂದ ನಮ್ಮ ಮನೆಯಲ್ಲಿ ಇಂಗ್ಲಿಷು ನಿಂತಿತು.

ಅವನ ಚೀಲದಲ್ಲಿ ಹೆರಾಲ್ಡ್ ಷಿಫ್‌ಮನ್ ಅವರ ಆಡುಗನ್ನಡದ ವ್ಯಾಕರಣವಿತ್ತು, 1983ರದು. ಅಮೆರಿಕೆಯವರು ನಮ್ಮ ಆಡುಮಾತಿಗೆ ವ್ಯಾಕರಣವನ್ನು ಬರೆದದ್ದು ಅದೇ ಮೊದಲಲ್ಲ. ವಿಲಿಯಂ ಬ್ರೈಟ್ ಅವರ ಪುಸ್ತಕ 1958ರಲ್ಲಿಯೇ ಪುಣೆಯ ಡೆಕ್ಕನ್ ಕಾಲೇಜಿನಿಂದ ಹೊರಟಿತ್ತು. ಧಾರವಾಡದ ಕನ್ನಡದಲ್ಲಿ ಜಾತಿಗೊಂದು ಬಗೆಯಾಗಿ ಮಾತು ಹೇಗೆ ಕವಲೊಡೆಯುತ್ತದೆ ಎಂದು ವಿಲಿಯಂ ಮೆಕಾರ್ಮ್ಯಾಕ್ 1960ರಲ್ಲಿ ಬರೆದಿದ್ದರು. ನಾವು ಹಳಗನ್ನಡದ ಸಂಧಿ ಸಮಾಸಗಳನ್ನು ಬಿಡಿಸುತ್ತ ಕುಳಿತಿದ್ದಾಗ ಪರದೇಶದವರು ನಮ್ಮ ಅಡುಗೆಮನೆಯ ಮಾತಿಗೆ ಕಿವಿಗೊಟ್ಟು ಕುಳಿತಿದ್ದರು. ಇದರಲ್ಲಿ ನಾಚಿಕೆಪಡುವಂಥದೇನಿಲ್ಲವಾದರೂ ಯೋಚಿಸುವಂಥದಿದೆ. ಇರಲಿ. ಹುಡುಗನ ಪುಸ್ತಕದಲ್ಲಿದ್ದುದು ಮೈಸೂರು ಬೆಂಗಳೂರು ಕಡೆಯ ವಿದ್ಯಾವಂತರ ಮಾತು. ಆ ಕನ್ನಡವನ್ನು ಹೊತ್ತು ಅವನು ನಮ್ಮ ಪೇಟೆಗೆ ಹೋದ.

ದಾರಿಯಲ್ಲಿ ಕಂಡವರೆಲ್ಲ ವಾಡಿಕೆಯಂತೆ "ಊಟ ಆತೇನ್ರಿ?" ಎಂದರು. ನಮ್ಮಲ್ಲಿ ಇದು ನಮಸ್ಕಾರಕ್ಕೆ ಸಮಾನ, "ಆತ್ರಿ, ನಿಮ್ಮದು?" ಎಂದು ಮುಂದೆ ನಡೆಯುವುದು ಪದ್ಧತಿ. ಇವನು ನಿಂತು, ಮೊದಲ ದಿನ "ಆಗಿದೆ. ಎರಡು ರೊಟ್ಟಿ, ಬದನೆಕಾಯಿ ಪಲ್ಯ, ಸ್ವಲ್ಪ ಮೊಸರು" ಎಂದು ವರದಿ ಒಪ್ಪಿಸಿದ. ಎರಡನೆಯ ದಿನ ಊಟ ಆಗಿರಲಿಲ್ಲ. ಸತ್ಯವಂತ, "ಇಲ್ಲ" ಎಂದ. ಕಿರಾಣಿ ಅಂಗಡಿಯವರು ಗಲ್ಲೆಯಿಂದ ಎದ್ದು ಅವನನ್ನು ಕೈಹಿಡಿದು ಮನೆಗೆ ಕರೆದೊಯ್ದರು. ಕಡಲೆಕಾಯಿ ಎಣ್ಣೆ ಬೇಕೆಂದರೆ ಅಂಗಡಿಯವರಿಗೆ ತಿಳಿಯಲಿಲ್ಲ, ನಮ್ಮಲ್ಲಿ ಅದು ಶೇಂಗಾ. ಈರುಳ್ಳಿ ಎಂದರೆ ಉಳ್ಳಾಗಡ್ಡಿ. ಆಸ್ಪತ್ರೆ ಎಲ್ಲಿ ಎಂದರೆ, "ದವಾಖಾನಿ ಏನ್ರಿ?" ಎಂದು ಮರುಪ್ರಶ್ನೆ. ಒಂದು ಮುಂಜಾನೆ ಹೋಟೆಲಿನಲ್ಲಿ ಪಕ್ಕದವನು "ಒಂದ್ ಪ್ಲೇಟ್ ಒಗ್ಗರಣಿ" ಎಂದದ್ದನ್ನು ಕೇಳಿ ದಿಗ್ಭ್ರಮೆಗೊಂಡು ಮನೆಗೆ ಓಡಿ ಬಂದ. ಒಗ್ಗರಣೆಯೆಂದರೆ ಸಾಸಿವೆ ಕರಿಬೇವು ಎಂದು ಅವನ ತಿಳಿವಳಿಕೆ. ಅದನ್ನು ತಟ್ಟೆಗಟ್ಟಲೆ ತಿನ್ನುವ ಜನ ಎಂಥವರು! ಮಂಡಾಳಿಗೆ ಒಗ್ಗರಣೆ ಕೊಟ್ಟರೆ ಆ ಪದಾರ್ಥದ ಹೆಸರೇ ಒಗ್ಗರಣಿಯಾಗುತ್ತದೆ, ಜೊತೆಗೆ ಮಿರ್ಚಿ ಬಂದರೆ ಅದು ಕೊಪ್ಪಳದ ಉಪಾಹಾರವಾಗುತ್ತದೆ ಎಂದು ನನ್ನ ಹೆಂಡತಿ ವಿವರಿಸಿ, ಮಾಡಿ, ಬಡಿಸಿದಳು. ಅವಳನ್ನು ಅವನು ಅಕ್ಕ ಎನ್ನುತ್ತಿದ್ದ. ಅವ್ವ ಅವನನ್ನು ತಮ್ಮಾ ಎಂದು ಕರೆದಾಗ ಮಾತ್ರ ನಿಘಂಟನ್ನು ತೆರೆದು, ಎಪ್ಪತ್ತು ವರ್ಷದವಳು ತನಗೆ ಅಕ್ಕನಾಗುವ ಬಗೆ ಹೇಗೆಂದು ಬಹಳ ಹೊತ್ತು ಲೆಕ್ಕ ಹಾಕಿದ.

ಹೀಗೆ ಪೆಟ್ಟು ತಿಂದು ತಿಂದು ಅವನು ಒಂದು ನಿರ್ಧಾರಕ್ಕೆ ಬಂದ. ಏಳರಿಂದ ಒಂಬತ್ತರವರೆಗೆ ನನ್ನ ಪಾಠ. ಒಂಬತ್ತರ ಮೇಲೆ ಅಡುಗೆಮನೆಯ ಹೊಸ್ತಿಲಲ್ಲಿ ಕುಳಿತು ಅವ್ವನ ಪಾಠ. ಸಣ್ಣ ಸಣ್ಣ ಕಾರ್ಡುಗಳನ್ನು ಇಟ್ಟುಕೊಂಡಿದ್ದ; ಅವ್ವನ ಬಾಯಿಂದ ಬಿದ್ದ ಶಬ್ದಗಳೆಲ್ಲ ಅವುಗಳಲ್ಲಿ ಸೇರಿದವು. ಅವ್ವನಿಗೆ ಓದು ಬರಹ ಬಾರದು. ತನ್ನ ಮಾತನ್ನು ಯಾರಾದರೂ ಬರೆದುಕೊಳ್ಳುವರೆಂಬುದು ಅವಳಿಗೆ ಮೊದಲು ತಮಾಷೆಯಾಗಿತ್ತು. ಆಮೇಲೆ ತಾನಾಗಿಯೇ, "ತಮ್ಮಾ, ಇದನ್ನ ಬರಕೊಂಡಿ?" ಎಂದು ವಿಚಾರಿಸತೊಡಗಿದಳು.

ಕಾರಹುಣ್ಣಿವೆಗೆ ನಮ್ಮ ಬೀಗರ ಹಳ್ಳಿಗೆ ಹೋಗಿ ಕರಿ ಹರಿಯುವುದನ್ನು ನೋಡಿ ಬಂದ. ಎತ್ತುಗಳ ಓಟಕ್ಕಿಂತ, ಬಿಳಿಯೆತ್ತು ಗೆದ್ದಿತೋ ಕರಿಯೆತ್ತು ಗೆದ್ದಿತೋ ಎಂಬುದರ ಮೇಲೆ ಆ ವರ್ಷದ ಬೆಳೆಯನ್ನು ನಿರ್ಣಯಿಸುವ ಹಿರಿಯರ ಚರ್ಚೆ ಅವನಿಗೆ ಹಿಡಿಸಿತು. ಮುಂದಿನ ಅಮಾವಾಸ್ಯೆ ಮಣ್ಣೆತ್ತಿನದು. ಅವ್ವ ಎರೆಮಣ್ಣನ್ನು ಕಲಸಿ ಎತ್ತುಗಳನ್ನು ಮಾಡಲು ಕುಳಿತಳು. ಹುಡುಗ ತಾನೂ ಒಂದನ್ನು ಮಾಡಿದ. ಕೊಂಬು, ಬಾಲ, ಗೊರಸು ಎಲ್ಲವನ್ನೂ ಅಚ್ಚುಕಟ್ಟಾಗಿ ತಿದ್ದಿ ತಂದು ತೋರಿಸಿದ. ಅವ್ವ ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ, "ಇದು ಎತ್ತಲ್ಲೋ ತಮ್ಮಾ. ಇದರ ಹಿಣಿಲ ಎಲ್ಲೈತಿ?" ಎಂದಳು. ನಮ್ಮ ದೇಶದ ಎತ್ತುಗಳಿಗೆ ಹಿಣಿಲು ಇರುವುದಿಲ್ಲ ಎಂದು ಅವನು ಹೇಳಿದ. ಅವ್ವ ನಂಬಿದಳು, ಆದರೆ ಒಂದು ಪ್ರಶ್ನೆಯನ್ನು ಕೇಳಿದಳು: "ಹಂಗಾದ್ರ ನೊಗ ಎಲ್ಲಿ ನಿಲ್ಲತೈತಿ?" ಆ ಹುಡುಗ ಪಟ್ಟಣದಲ್ಲಿ ಹುಟ್ಟಿದವನು, ನೊಗವನ್ನು ನೋಡಿದ್ದೇ ಇಲ್ಲಿಗೆ ಬಂದ ಮೇಲೆ. ತಾಯಿಗೆ ಬರೆದ ಪತ್ರದಲ್ಲಿ ಈ ಪ್ರಶ್ನೆಯನ್ನು ಹಾಕಿದನಂತೆ. ಉತ್ತರ ಬರುವಷ್ಟರಲ್ಲಿ ಅವನು ಹೊರಟುಹೋಗಿದ್ದ.

ರಜೆಯ ದಿನಗಳಲ್ಲಿ ನಾಲ್ಕು ತಾಲೂಕುಗಳನ್ನೂ ಸುತ್ತಿದೆವು. ಗಂಗಾವತಿಯ ಕಡೆ ಕಾಲುವೆಗೆ ನೀರು ಬಿಟ್ಟಿದ್ದರು. ಆನೆಗೊಂದಿಯ ದಾರಿಯುದ್ದಕ್ಕೂ ನಾಟಿಯ ಗದ್ದೆಗಳು. ಕುಷ್ಟಗಿಯ ಕಡೆ ಹೋದರೆ ಅದೇ ತಿಂಗಳಲ್ಲಿ ಸಜ್ಜೆ ಬಿತ್ತಿದವರು ಆಕಾಶವನ್ನು ನೋಡುತ್ತ ನಿಂತಿದ್ದರು. ಬಸ್ಸಿನಲ್ಲಿ ಒಂದೆರಡು ಗಂಟೆಯ ಅಂತರದಲ್ಲಿ ಎರಡು ದೇಶಗಳು. ಹಿರೇಬೆಣಕಲ್ಲಿನ ಬೆಟ್ಟವನ್ನು ಹತ್ತಿದಾಗ ಒಬ್ಬ ಕುರಿಗಾಹಿ ಹುಡುಗ ನಮಗೆ ದಾರಿ ತೋರಿಸಿದ. ಅಲ್ಲಿ ಬೃಹತ್‌ಶಿಲಾಯುಗದ ನೂರಾರು ಕಲ್ಮನೆಗಳಿವೆ. 2021ರಲ್ಲಿ ಯುನೆಸ್ಕೋದ ತಾತ್ಕಾಲಿಕ ಪಟ್ಟಿಯಲ್ಲಿ ಈ ಸ್ಥಳ ಸೇರಿದೆ. ಅಂದು ಅಲ್ಲಿ ನಾವು ಮೂವರು ಮತ್ತು ಕುರಿಗಳು ಮಾತ್ರ. ಅವು ಮೋರ್ಯರ ಮನೆಗಳು, ಮೋರ್ಯರೆಂದರೆ ಗಿಡ್ಡ ಜನ ಎಂದು ಆ ಹುಡುಗ ಹೇಳಿದ. ಬಂಡೆಯ ಮೇಲಿನ ದೊಡ್ಡ ಕಲ್ಲಿನ ನಗಾರಿಯನ್ನು ಬಡಿದು ಸದ್ದು ಕೇಳಿಸಿದ. ನಮ್ಮವನು ಕಲ್ಮನೆಯ ಗುಂಡುಕಂಡಿಯಲ್ಲಿ ತಲೆ ಹಾಕಿ ಇಣುಕಿದಾಗ ಕುರಿಗಾಹಿ ಅವನ ಕಾಲಿನಿಂದ ತಲೆಯವರೆಗೆ ನೋಡಿ, "ನೀವು ಆ ಪೈಕಿ ಅಲ್ಲ ಬಿಡ್ರಿ" ಎಂದು ತೀರ್ಪು ಕೊಟ್ಟ.

ಆಗ ಯಲಬುರ್ಗಾ ತಾಲೂಕಿಗೆ ಸೇರಿದ್ದು ಈಗ ಕುಕನೂರು ತಾಲೂಕಿನಲ್ಲಿರುವ ಇಟಗಿಗೂ ಹೋದೆವು. ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ 1112ರಲ್ಲಿ ಕಟ್ಟಿಸಿದ ಗುಡಿ ಅದು. ಶಾಸನ ಅದನ್ನು ದೇವಾಲಯ ಚಕ್ರವರ್ತಿ ಎಂದು ಕರೆದಿದೆ. ನಾನು ಭುವನೇಶ್ವರಿಯನ್ನೂ ಕಂಬಗಳ ಕಡೆತವನ್ನೂ ವರ್ಣಿಸುತ್ತಿದ್ದೆ. ಹುಡುಗ ಎಲ್ಲಿ ಎಂದು ತಿರುಗಿ ನೋಡಿದರೆ, ಪುಷ್ಕರಣಿಯ ಮೆಟ್ಟಿಲ ಮೇಲೆ ಒಬ್ಬ ಮುದುಕಿಯ ಪಕ್ಕದಲ್ಲಿ ಕುಳಿತು ಕಾರ್ಡಿನ ಮೇಲೆ ಬರೆದುಕೊಳ್ಳುತ್ತಿದ್ದಾನೆ. ಅವಳು ಅವನ ಮದುವೆ, ಹೊಲ, ಪಗಾರಗಳ ವಿಚಾರವನ್ನು ಮುಗಿಸಿ, ಅವನ ದೇಶದಲ್ಲಿ ಜೋಳ ಏನು ಧಾರಣೆ ಎಂಬಲ್ಲಿಗೆ ಬಂದಿದ್ದಳು. ದೇವಾಲಯ ಚಕ್ರವರ್ತಿಗಾಗಿ ನನಗೆ ಸಿಟ್ಟು ಬಂತು.

ಇಲ್ಲಿ ನನ್ನ ವಿಷಯವನ್ನು ಸ್ವಲ್ಪ ಹೇಳಬೇಕು. ನನ್ನ ತಂದೆ ಓದಿದ್ದು ನಿಜಾಮರ ಕಾಲದ ಉರ್ದು ಶಾಲೆಯಲ್ಲಿ. ಅಂದಿನ ಕಚೇರಿಗಳಲ್ಲಿ ಕನ್ನಡಕ್ಕೆ ಎಡೆ ಇರಲಿಲ್ಲ. ಮನೆಯಲ್ಲಿ, ಹೊಲದಲ್ಲಿ, ಸಂತೆಯಲ್ಲಿ ಅದು ಇತ್ತು. 1948ರಲ್ಲಿ ನಿಜಾಮಶಾಹಿ ಹೋಯಿತು, 1956ರಲ್ಲಿ ನಾವು ಮೈಸೂರು ರಾಜ್ಯವನ್ನು ಸೇರಿದೆವು, ಕನ್ನಡ ಶಾಲೆಗೂ ಕಚೇರಿಗೂ ಬಂತು. ಬಂದ ಕನ್ನಡ ಪುಸ್ತಕದ ಕನ್ನಡ. ಅದು ತಪ್ಪೆಂದು ನಾನು ಹೇಳಲಾರೆ. ಬೀದರದವನೂ ಚಾಮರಾಜನಗರದವನೂ ಓದಿ ತಿಳಿಯಬೇಕಾದ ಬರಹಕ್ಕೆ ಒಂದು ಸಾಮಾನ್ಯ ರೂಪ ಬೇಕೇ ಬೇಕು. ಆದರೆ ನಾನು ಎಂ.ಎ. ಓದುತ್ತಿದ್ದಾಗ ದಕ್ಷಿಣದ ಒಂದು ವಿಚಾರಗೋಷ್ಠಿಯಲ್ಲಿ ಪ್ರಬಂಧ ಮಂಡಿಸುತ್ತ, ಉತ್ಸಾಹದ ಭರದಲ್ಲಿ ಎರಡು ಸಲ "ಐತಿ" ಎಂದೆ. ಸಭೆಯಲ್ಲಿ ನಗೆ ಎದ್ದಿತು; ದ್ವೇಷದ ನಗೆಯೇನಲ್ಲ. ಆದರೆ ಊರಿಗೆ ಮರಳಿದವನು ನನ್ನ ನಾಲಿಗೆಯನ್ನು ಬೇರೆ ಮಾಡಿಕೊಂಡೆ. ತರಗತಿಯಲ್ಲಿ ಮಾತ್ರವಲ್ಲ, ಮನೆಯಲ್ಲಿಯೂ "ಇದೆ", "ಬರುತ್ತಾನೆ" ಎನ್ನತೊಡಗಿದೆ. ಅವ್ವ ನನ್ನೊಡನೆ ಮಾತನಾಡುವಾಗ ಸ್ವಲ್ಪ ತಡೆದು, ಶಬ್ದ ಹುಡುಕಿ ಮಾತನಾಡುತ್ತಿದ್ದಳು. ವಯಸ್ಸಾಗಿದೆ, ಅದಕ್ಕೆ ಎಂದುಕೊಂಡಿದ್ದೆ.

ಬೇಂದ್ರೆಯವರ ಕಾವ್ಯವನ್ನು ಪಾಠ ಹೇಳುವಾಗ ಮಾತ್ರ ಅದೇ ಮಾತು ನನ್ನ ಬಾಯಲ್ಲಿ ಹೊನಲಾಗಿ ಹರಿಯುತ್ತಿತ್ತು. ದೇಸಿಯ ಸೊಗಸು, ಆಡುನುಡಿಯ ನಾದ ಎಂದು ಒಂದು ಗಂಟೆ ವ್ಯಾಖ್ಯಾನ ಮಾಡಿ, ಅದೇ ದಿನ ಸಂಜೆ ವಿದ್ಯಾರ್ಥಿಗಳ ಪ್ರಬಂಧಗಳಲ್ಲಿ ಅದೇ ನುಡಿಗೆ ಕೆಂಪು ಮಸಿಯ ಗೆರೆ ಎಳೆಯುತ್ತಿದ್ದೆ. ಜುಲೈ ತಿಂಗಳ ಒಂದು ಸಂಜೆ ನಾನು ಹೀಗೆ ಪ್ರಬಂಧಗಳನ್ನು ತಿದ್ದುತ್ತಿದ್ದಾಗ ಹುಡುಗ ಪಕ್ಕದಲ್ಲಿ ಕುಳಿತಿದ್ದ. ಕುಷ್ಟಗಿ ಕಡೆಯ ಹಳ್ಳಿಯೊಂದರಿಂದ ಬರುತ್ತಿದ್ದ ಹುಡುಗಿಯ ಹಾಳೆ. ವಿಷಯ "ನನ್ನ ಊರು". ಮಳೆ ಬಾರದೆ ಎರಡನೆಯ ಸಲ ಬಿತ್ತಿದ್ದು, ಬೀಜಕ್ಕಾಗಿ ತಾಯಿ ಕಿವಿಯ ಬೆಂಡೋಲೆಯನ್ನು ಒತ್ತೆ ಇಟ್ಟದ್ದು, ಅದರಲ್ಲಿ ಇತ್ತು. ಅದು ಇತ್ತು ಎಂದು ನನಗೆ ತಿಳಿದದ್ದು ಹುಡುಗನಿಂದ. ನಾನು ಒಂಬತ್ತು ಶಬ್ದಗಳಿಗೆ ಸುತ್ತು ಹಾಕಿ ಹಾಳೆಯನ್ನು ಬದಿಗಿಟ್ಟಿದ್ದೆ. ಅವನು ಎತ್ತಿಕೊಂಡು ನಿಧಾನವಾಗಿ, ತುಟಿ ಅಲುಗಿಸುತ್ತ ಓದಿದ. ಅವನಿಗೆ ಆ ಲಿಪಿಯಲ್ಲಿ ಓದುವುದೇ ಕಷ್ಟ, ಓದಿ ಮುಗಿಸಲು ಬಹಳ ಹೊತ್ತಾಯಿತು. ಆಮೇಲೆ, "ಸರ, ಆ ಬೆಂಡೋಲಿ ಬಿಡಿಸಿಕೊಂಡರೇನ್ರಿ ಅವರು?" ಎಂದ. ಅಷ್ಟರಲ್ಲಿ ಅವನಿಗೆ ನಾನು 'ಸರ್' ಹೋಗಿ 'ಸರ' ಆಗಿದ್ದೆ. ಯಾವ ಬೆಂಡೋಲೆ ಎಂದು ನಾನು ಕೇಳಿದೆ.

ಆಗಸ್ಟಿನಲ್ಲಿ ಅವನಿಗೆ ಕವಿರಾಜಮಾರ್ಗದ ಪರಿಚಯವನ್ನು ಮಾಡಿಕೊಟ್ಟೆ. ಒಂಬತ್ತನೆಯ ಶತಮಾನದ ಗ್ರಂಥ. ನೃಪತುಂಗನ ಆಸ್ಥಾನದ್ದು, ಶ್ರೀವಿಜಯ ರಚಿಸಿದ್ದು. ಕನ್ನಡ ನಾಡಿನ ಎಲ್ಲೆಯನ್ನು ಹೇಳಿದ ಮೇಲೆ ಕನ್ನಡದ ತಿರುಳು ಎಲ್ಲಿದೆ ಎಂದು ಹೇಳುವ ಭಾಗ ನನಗೆ ಬಾಯಿಪಾಠ, ಕೊಪ್ಪಳದಲ್ಲಿ ಪಾಠ ಹೇಳುವವನಿಗೆ ಅದು ಅಭಿಮಾನದ ಜಾಗ. ಕಿಸುವೊಳಲು, ಎಂದರೆ ಪಟ್ಟದಕಲ್ಲು. ಕೊಪಣ, ಎಂದರೆ ನಮ್ಮ ಕೊಪ್ಪಳ. ಪುಲಿಗೆರೆ, ಇಂದಿನ ಲಕ್ಷ್ಮೇಶ್ವರ. ಬೆಳಗಾವಿ ಕಡೆಯ ಒಕ್ಕುಂದ. ಈ ನಾಲ್ಕರ ನಡುವಣ ನಾಡಿನದು ಕನ್ನಡದ ತಿರುಳು. ನನ್ನ ದನಿ ಏರಿತ್ತೆಂದು ತೋರುತ್ತದೆ. ಹುಡುಗ ತನ್ನ ಚೀಲದಿಂದ ಕರ್ನಾಟಕದ ನಕ್ಷೆಯನ್ನು ತೆಗೆದು ನೆಲದ ಮೇಲೆ ಹರಡಿ, ಪೆನ್ಸಿಲಿನಿಂದ ನಾಲ್ಕು ಊರುಗಳನ್ನು ಗುರುತಿಸಿ, ಗೆರೆಯೆಳೆದು ಕೂಡಿಸಿದ. ಪೂರ್ವದ ತುದಿಯಲ್ಲಿ ಕೊಪ್ಪಳ. ಅವನು ಬಹಳ ಹೊತ್ತು ಅದನ್ನು ನೋಡಿ, ಯಾವ ಕುಚೇಷ್ಟೆಯೂ ಇಲ್ಲದೆ, "ಸರ, ಈ ಗೆರಿಯೊಳಗ ಮೈಸೂರು ಬರೂದಿಲ್ಲಲ್ರಿ?" ಎಂದ. ಬರುವುದಿಲ್ಲ ಎಂದೆ. "ಅವ್ವ ಗೆರೀ ಮ್ಯಾಲ ಅದಾಳ. ನೀವ್ಯಾಕ ನನಗ ಹೊರಗಿಂದು ಕಲಸ್ತೀರಿ?"

ನಾನು ಉತ್ತರ ಕೊಟ್ಟೆ. ಕವಿರಾಜಮಾರ್ಗ ಹೇಳುವುದು ಅಂದಿನ ಕಾವ್ಯಭಾಷೆಗೆ ಆಧಾರವಾದ ನುಡಿಯ ಮಾತನ್ನು. ಸಾವಿರದ ನೂರು ವರ್ಷಗಳಲ್ಲಿ ಭಾಷೆ ಹೊಳೆಯಂತೆ ಪಾತ್ರ ಬದಲಿಸಿದೆ. ಇಂದಿನ ಅಡುಗೆಮನೆಯ ಮಾತನ್ನು ಅಂದಿನ ತಿರುಳಿಗೆ ಸಮಮಾಡುವುದು ಶಾಸ್ತ್ರೀಯವಲ್ಲ. ಇದೆಲ್ಲ ಸರಿಯಾದ ಮಾತು, ಇಂದಿಗೂ ಇದನ್ನೇ ಹೇಳುತ್ತೇನೆ. ವಾದದಲ್ಲಿ ನಾನೇ ಗೆದ್ದೆ. ಹುಡುಗ ತಲೆಯಾಡಿಸಿ, ಕಾರ್ಡುಗಳ ಕಟ್ಟನ್ನು ತಂದು ಒಂದನ್ನು ತೋರಿಸಿದ. ಅದರ ಮೇಲೆ ಒಂದೇ ಶಬ್ದ: ಒಲ್ಲೆ. ಊಟಕ್ಕೆ ಕುಳಿತಾಗ ಅವನು ಪುಸ್ತಕದಂತೆ "ಬೇಡ" ಎಂದರೂ "ಸಾಕು" ಎಂದರೂ ಅವ್ವ ರೊಟ್ಟಿ ಹಾಕುತ್ತಲೇ ಇದ್ದಳು. ಒಂದು ದಿನ ನನ್ನ ಮಗ "ಒಲ್ಲೆ" ಎಂದದ್ದಕ್ಕೆ ಅವಳ ಕೈ ತಡೆಯಿತು. ಅಂದಿನಿಂದ ಇವನೂ "ಒಲ್ಲೆನವ್ವಾ" ಎನ್ನಲು ಕಲಿತ. ಆ ಶಬ್ದ ವಚನಗಳಲ್ಲಿ ಇರುವುದನ್ನು ಅವನು ನಮ್ಮ ಮನೆಯ ಪುಸ್ತಕದಲ್ಲಿಯೇ ಹುಡುಕಿದ್ದ. ಕಾಲೇಜಿನ ಗ್ರಂಥಾಲಯದಲ್ಲಿ ಕಿಟ್ಟೆಲ್ಲರ ನಿಘಂಟಿನ ಮುಂದೆಯೂ ದಿನಗಟ್ಟಲೆ ಕುಳಿತಿದ್ದ. 1894ರಲ್ಲಿ ಹೊರಬಂದ ಆ ಮಹಾಗ್ರಂಥಕ್ಕೆ ಅದು ಸರಿಯಾಗಿ ನೂರನೆಯ ವರ್ಷ. ಜರ್ಮನಿಯ ಪಾದ್ರಿ ಉತ್ತರದ ಕಡೆಯ ಮಾತುಗಳಿಗೆ ದಕ್ಷಿಣ ಮರಾಠಾ ಸೀಮೆಯದು ಎಂದು ಪ್ರತ್ಯೇಕ ಗುರುತು ಹಾಕಿ ಆದರದಿಂದ ಸೇ\u200cರಿಸಿದ್ದಾನೆ. ಅವ್ವನ ಎಷ್ಟೋ ಮಾತುಗಳು ಅಲ್ಲಿ ಇದ್ದವು. ನಾನು ಇಪ್ಪತ್ತು ವರ್ಷ ಬಳಸಿದ ನಿಘಂಟು ಅದು. ಕಾವ್ಯಗಳ ಕಠಿಣ ಪದಗಳಿಗಾಗಿ ಮಾತ್ರ ತೆರೆದಿದ್ದೆ.

"ಬಸವಣ್ಣ ನಿಮ್ಹಂಗ ಮಾತಾಡ್ತಿದ್ದನೋ, ಅವ್ವನ್ಹಂಗೋ?" ಎಂದು ಅವನು ಕೇಳಿದ. ಅದಕ್ಕೆ ನಾನು ಉತ್ತರ ಕೊಡಲಿಲ್ಲ. ಕಾಲೇಜಿಗೆ ಹೊತ್ತಾಗಿತ್ತು.

ನಾಗರಪಂಚಮಿಗೆ ನನ್ನ ತಂಗಿ ತವರಿಗೆ ಬಂದಳು. ಬೇವಿನ ಮರಕ್ಕೆ ಜೋಕಾಲಿ ಬಿತ್ತು. ಶೇಂಗಾ ಉಂಡಿ, ಎಳ್ಳುಂಡಿ, ಗುಳ್ಳಡಿಕೆ ಉಂಡಿಗಳ ಭೇದವನ್ನು ಹುಡುಗ ತಿಂದು ತಿಳಿದ. ಅದಾದ ಎರಡು ವಾರಕ್ಕೆ ಅವನ ಬೇಸಿಗೆ ಮುಗಿಯಿತು. ಹೊರಡುವ ಮುನ್ನ ಅವನಿಗೆ ಕಿನ್ನಾಳದ ಒಂದು ಗೊಂಬೆಯನ್ನು ಕೊಡಿಸಿದೆವು. ಎದುರು ಮನೆಯ ಅಜ್ಜಿ ರೊಟ್ಟಿ ಕಟ್ಟಿಕೊಟ್ಟಳು, ಅಮೆರಿಕೆಯವರೆಗೆ ಸಾಲುವಷ್ಟು. ಅವ್ವನ ಕಾಲುಮುಟ್ಟಿ, "ಹೋಗಿ ಬರ್ತೀನವ್ವಾ" ಎಂದ. ಅವ್ವ "ಬಾ ತಮ್ಮಾ" ಎಂದಳು. ಅವನು ಮತ್ತೆ ಬರಲಿಲ್ಲ. ಬರಬಾರದೆಂದಲ್ಲ, ಅವನ ಅಧ್ಯಯನ ಬೇರೆ ಕಡೆ ತಿರುಗಿತು, ಮದುವೆಯಾಯಿತು, ಮಕ್ಕಳಾದವು. ಕೆಲವು ವರ್ಷ ಪತ್ರಗಳು ಬಂದವು. ಮೊದಲ ಸಾಲು ಯಾವಾಗಲೂ "ಊಟ ಆತೇನ್ರಿ?"

1995ರಲ್ಲಿ ಅವನಿಂದ ಒಂದು ಸಣ್ಣ ಪಾರ್ಸಲು ಬಂದಿತ್ತು, ಅದರಲ್ಲಿ ಒಂದು ಕ್ಯಾಸೆಟ್ಟು. ಅವನ ಹತ್ತಿರ ಅಂಗೈಯಗಲದ ಟೇಪ್ ರೆಕಾರ್ಡರ್ ಇತ್ತು. ಅವ್ವ ಹೇಳುವ ಕತೆಗಳನ್ನು ಕೆಲವು ಸಂಜೆ ಮುದ್ರಿಸಿಕೊಳ್ಳುತ್ತಿದ್ದ. ನಮ್ಮ ಮನೆಯ ಟೇಪ್ ಕೆಟ್ಟಿತ್ತು. ಮುಂದೆ ಕೇಳಿದರಾಯಿತೆಂದು ಕಪಾಟಿನಲ್ಲಿಟ್ಟೆ. 2001ರಲ್ಲಿ ಅವ್ವ ತೀರಿಕೊಂಡಳು. ಆಗಲೂ ಅದು ನೆನಪಾಗಲಿಲ್ಲ. ನಿವೃತ್ತನಾದ ಮೇಲೆ ಪುಸ್ತಕಗಳನ್ನು ಜೋಡಿಸುವಾಗ ಕೈಗೆ ಸಿಕ್ಕಿತು. ಇಷ್ಟರಲ್ಲಿ ಕ್ಯಾಸೆಟ್ಟು ಹಾಕುವ ಯಂತ್ರಗಳೇ ಮಾಯವಾಗಿದ್ದವು. ಗಂಗಾವತಿಯ ಒಬ್ಬ ರೇಡಿಯೋ ರಿಪೇರಿಯವರಲ್ಲಿ ಹಳೆಯದೊಂದು ದೊರೆಯಿತು. ಅವರ ಅಂಗಡಿಯ ಬೆಂಚಿನ ಮೇಲೆಯೇ ಕುಳಿತು ಕೇಳಿದೆ. ಅವ್ವನ ಛಾಯಾಚಿತ್ರಗಳು ನಮ್ಮಲ್ಲಿ ಎರಡಿವೆ. ದನಿ ಇರುವುದು ಅದೊಂದರಲ್ಲೇ.

ಅವಳು ಒಬ್ಬ ಸೊಸೆಯ ಕತೆಯನ್ನು ಹೇಳುತ್ತಿದ್ದಾಳೆ. ಹಿಂದೆ ಎಲ್ಲೋ ಕೊಡ ಇಟ್ಟ ಸದ್ದು, ನನ್ನ ಮಗನ ಅಳು. ಅವಳ ಮಾತು ಸಲೀಸಾಗಿ, ಒಂದು ಕಡೆಯೂ ತಡೆಯದೆ ನಡೆದಿದೆ. ಇಷ್ಟು ಸಲೀಸಾಗಿ ಅವಳು ಮಾತನಾಡಿದ್ದನ್ನು ನಾನು ದೊಡ್ಡವನಾದ ಮೇಲೆ ಕೇಳಿದ ನೆನಪಿಲ್ಲ. "ಅಕಿ ಮನಿಯಾಗ ಎಣ್ಣಿ ಇದ್ದಿಲ್ಲ" ಎನ್ನುತ್ತಾಳೆ. ಅಲ್ಲಿ ಒಂದು ಗಂಡಸಿನ ದನಿ ಅಡ್ಡ ಬರುತ್ತದೆ, ಸ್ಪಷ್ಟವಾಗಿ, ತರಗತಿಯಲ್ಲಿ ಹೇಳುವಂತೆ: "ಹಾಗಲ್ಲ ಅವ್ವಾ. ಮನೆಯಲ್ಲಿ ಎಣ್ಣೆ ಇರಲಿಲ್ಲ." ಅಂದು ನಾನು ಆ ಕೋಣೆಯಲ್ಲಿದ್ದೆನೆಂಬುದೇ ನನಗೆ ನೆನಪಿರಲಿಲ್ಲ. ಅವ್ವ ಸುಮ್ಮನಾಗುತ್ತಾಳೆ. ಟೇಪು ಓಡುತ್ತಿರುವ ಸಣ್ಣ ಸದ್ದು ಮಾತ್ರ ಕೇಳಿಸುತ್ತದೆ. ರಿಪೇರಿಯವರು ಕೆಟ್ಟಿತೆಂದು ತಿಳಿದು ಕೈ ಮುಂದೆ ಮಾಡಿದರು. ಅಷ್ಟರಲ್ಲಿ ಆ ಹುಡುಗನ ದನಿ ಬಂತು: "ಎಣ್ಣಿ ಇದ್ದಿಲ್ಲ. ಮುಂದ ಏನಾತವ್ವಾ?"

ಅವ್ವ ಮತ್ತೆ ಹೇಳತೊಡಗಿದಳು.